ಹಳೆಯ ಕಾರಿನ ಆಯ್ಕೆಗೆ ಅಯಸ್ಕಾಂತ

ಹಳೆಯ ಕಾರೊಂದನ್ನು ಕೊಂಡು ನೀವೇ ದುರಸ್ತಿ ಮಾಡಿ ಓಡಿಸುವ ಆಸೆಯೆ? 1970ರ ದಶಕದ ಪ್ರೀಮಿಯರ್ ಪದ್ಮಿನಿ ಮೊದಲ ಪ್ರಯತ್ನಕ್ಕೆ ಸೂಕ್ತ. ಅದರ 1089 ಘನ ಸೆಂಟಿಮೀಟರಿನ ಎಂಜಿನ್ ಸರಳ. ಬಿಚ್ಚಿ ಜೋಡಿಸಿಯೇ ಕಲಿಯಬಹುದು. ಆದರೆ ಆಯ್ಕೆಯಲ್ಲಿ ಎಂಜಿನ್ನಿಗಿಂತ ಒಡಲು ಮುಖ್ಯ. ಇದಕ್ಕೆ ಪ್ರತ್ಯೇಕ ಚಾಸಿಸ್ ಇಲ್ಲ. ಉಕ್ಕಿನ ತಗಡಿನ ಒಡಲೇ ಭಾರವನ್ನೆಲ್ಲ ಹೊರುತ್ತದೆ. ಬಾಗಿಲ ಕೆಳಗಿನ ಟೊಳ್ಳು ಪಟ್ಟಿಯಲ್ಲಿ, ನೆಲದ ತಗಡಿನಲ್ಲಿ ನೀರು ನಿಂತು ತುಕ್ಕು ಹಿಡಿದರೆ ಆ ಬಲವೇ ಹೋಗುತ್ತದೆ. ತುಕ್ಕನ್ನು ಪುಟ್ಟಿ, ಬಣ್ಣಗಳಿಂದ ಮುಚ್ಚಿರಲೂಬಹುದು.

ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಅಲ್ಲಲ್ಲಿ ತಾಗಿಸಿ ನೋಡಿ. ಪುಟ್ಟಿ ದಪ್ಪವಾದಷ್ಟೂ ಉಕ್ಕು ದೂರವಾಗಿ ಸೆಳೆತ ಕುಂದುತ್ತದೆ. ಸೆಳೆತ ಸಡಿಲವಾದ ಜಾಗವನ್ನು ಅನುಮಾನಿಸಿ. ಕೆಟ್ಟ ಎಂಜಿನ್ ಹಂತಹಂತವಾಗಿ ಸರಿಹೋದೀತು. ಕೆಟ್ಟ ಒಡಲಿನ ಬೆಸುಗೆಯ ವೆಚ್ಚ ಕಾರಿನ ಬೆಲೆಯನ್ನೇ ಮೀರೀತು.