ನೆಲದೊಳಗಿನ ಪಾಯ, ನಕ್ಷೆಯ ಮೇಲೆ

ಮನೆಯ ಭಾರವನ್ನೆಲ್ಲ ಹೊತ್ತಿರುವ ಪಾಯವು ಮಣ್ಣಿನಲ್ಲಿ ಅಡಗಿರುವುದೆಂಬ ಕಾರಣಕ್ಕೆ ಎಲಿವೇಷನ್ ನಕ್ಷೆಯಲ್ಲಿಯೂ ಅದೃಶ್ಯವಾಗಿಯೇ ಉಳಿಯಬೇಕೆ?

ಗೃಹವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ನಿವೇಶನದ ನೆಲವನ್ನು ರಚಿಸಿದೊಡನೆ ಅದು ಪಾಯವನ್ನು ಮರೆಮಾಡುವುದು ಸಹಜ. ಆದುದರಿಂದ, ಎಲಿವೇಷನ್ ನೋಟದಲ್ಲಿ ಮಾತ್ರ ನೆಲದ ಲೇಯರನ್ನು ಅಡಗಿಸಿ, ಪಾಯದ ಗೋಡೆಗೂ ಫುಟಿಂಗಿಗೂ ಪ್ರತ್ಯೇಕ ಲೇಯರನ್ನು ಕಲ್ಪಿಸಿ, ಮರೆಯಲ್ಲಿರುವುದನ್ನು ತುಂಡುಗೆರೆಯಿಂದ ಸೂಚಿಸುವುದೇ ನಕ್ಷಾರಚನೆಯ ಸಂಪ್ರದಾಯವಾದ ಕಾರಣ, ನೆಲದ ಕೆಳಗಣ ಭಾಗಕ್ಕೆಲ್ಲ ತುಂಡುಗೆರೆಯನ್ನೇ ವಿಧಿಸಬೇಕು. ಬಳಿಕ ನೆಲಮಟ್ಟವನ್ನು ದಪ್ಪನೆಯ ಅಖಂಡ ರೇಖೆಯಾಗಿ ಎಳೆದು, ಅಲ್ಲಿಂದ ಫುಟಿಂಗಿನ ತಳದವರೆಗಿನ ಆಳವನ್ನು ಅಂಕಿಗಳಲ್ಲಿ ನಮೂದಿಸಬೇಕು.

ಆ ಆಳಕ್ಕೂ ಒಂದು ಮಿತಿಯುಂಟು: ಪಾಯವು ಸಹಜ ನೆಲಮಟ್ಟದಿಂದ ಕನಿಷ್ಠ 50 ಸೆಂಟಿಮೀಟರ್ ಆಳಕ್ಕಿಳಿಯಬೇಕೆಂಬುದು ಭಾರತೀಯ ಮಾನಕ ಸಂಖ್ಯೆ 1904ರ ವಿಧಿ.

ಇಳಿಜಾರಿನ ನಿವೇಶನದಲ್ಲಿ ನೆಲವು ಪಾಯವನ್ನು ಎಲ್ಲಿ ಮುಚ್ಚುವುದು, ಎಲ್ಲಿ ತೆರೆದಿಡುವುದು ಎಂಬುದು ಮೇಸ್ತ್ರಿಗೆ ಒಂದೇ ನೋಟದಲ್ಲಿ ವಿದಿತವಾಗುವುದು ಈ ತುಂಡುಗೆರೆಯಿಂದಲೇ.