ಆಟದ ಯಂತ್ರವೂ ಗೃಹಮನೋರಂಜನವೂ

ಸಂಸ್ಕೃತ ಶಾಸ್ತ್ರಕಾರರಲ್ಲಿ ದೇಹಲೀದೀಪನ್ಯಾಯವೆಂಬುದೊಂದುಂಟು. ಹೊಸ್ತಿಲ ಮೇಲಿಟ್ಟ ಹಣತೆಯು ಒಳಮನೆಗೂ ಜಗಲಿಗೂ ಏಕಕಾಲದಲ್ಲಿ ಬೆಳಕನ್ನೀಯುವಂತೆ ಒಂದೇ ವಸ್ತುವು ಎರಡು ಪ್ರಯೋಜನಗಳನ್ನು ಸಾಧಿಸುವೆಡೆಯಲ್ಲಿ ಈ ನ್ಯಾಯವನ್ನು ಉದಾಹರಿಸುವರು. ಅನೇಕ ವರುಷ ಇದನ್ನು ಮಕ್ಕಳಿಗೆ ಪಾಠ ಹೇಳಿದ ನಮಗೆ, ಇದರ ಒಳ್ಳೆಯ ದೃಷ್ಟಾಂತವೊಂದು ನಮ್ಮ ಮನೆಯ ಟಿ.ವಿ.ಯ ಕೆಳಗಣ ಗೂಡಿನಲ್ಲಿಯೇ ಧೂಳು ಹಿಡಿದು ಕುಳಿತಿರುವುದೆಂಬುದು ಬಹುಕಾಲ ತಿಳಿಯಲಿಲ್ಲ. ಅದು ನಮ್ಮ ಮಗನು ೨೦೧೬ರಲ್ಲಿ ತನ್ನ ಮೊದಲ ಸಂಬಳದ ಹಣದಲ್ಲಿ ಕೊಂಡು ತಂದ ಪ್ಲೇಸ್ಟೇಷನ್ ೪ ಎಂಬ ಆಟದ ಯಂತ್ರ. ಅವನು ಉದ್ಯೋಗನಿಮಿತ್ತ ಪುಣೆಗೆ ಹೊರಟುಹೋದ ತರುವಾಯ ಅದನ್ನು ಮುಟ್ಟುವವರಿಲ್ಲವಾಯಿತು.

ಹೀಗಿರಲು ಕಳೆದ ವರುಷ ನಮ್ಮ ಡಿ.ವಿ.ಡಿ. ಯಂತ್ರವು ಕೆಟ್ಟಿತು. ರಿಪೇರಿಯವನು ಅದನ್ನು ಬಿಚ್ಚಿ ನೋಡಿ, ಇದಕ್ಕೆ ಸಾಮಾನು ಸಿಕ್ಕುವುದಿಲ್ಲವೆಂದು ಮುಚ್ಚಿ ಕೊಟ್ಟನು. ಅದೇ ವಾರ ನಮ್ಮ ತಂಗಿಯು ಮಕ್ಕಳೊಂದಿಗೆ ಬರತಕ್ಕವಳಿದ್ದಳು. ೨೦೦೫ರಲ್ಲಿ ನಡೆದ ಅವಳ ಮದುವೆಯ ಚಿತ್ರಣವು ಒಂದು ಡಿ.ವಿ.ಡಿ.ಯಲ್ಲಿ ನಮ್ಮಲ್ಲಿತ್ತು. ಅದರಲ್ಲಿ ನಮ್ಮ ತಾಯಿಯವರು ಹಸೆಗೆ ಕರೆಯುವ ಹಾಡನ್ನು ಹೇಳಿದ್ದಾರೆ. ಅವರು ೨೦೧೧ರಲ್ಲಿ ತೀರಿಕೊಂಡರು. ಅವರ ಕಂಠಸ್ವರವು ಉಳಿದಿರುವುದು ಆ ತಟ್ಟೆಯೊಂದರಲ್ಲಿಯೇ. ಈ ಸಂಕಟವನ್ನು ಫೋನಿನಲ್ಲಿ ಮಗನಿಗೆ ಹೇಳಿಕೊಂಡಾಗ ಅವನು, “ಅಪ್ಪಾ, ಹೊಸದೇಕೆ ಕೊಳ್ಳುತ್ತೀರಿ? ನನ್ನ ಆಟದ ಯಂತ್ರದ ಬಾಯಿಗೆ ಹಾಕಿ ನೋಡಿ, ಓಡುತ್ತದೆ” ಎಂದನು. ನಾವು ಅದನ್ನು ವಿನೋದವೆಂದೇ ಭಾವಿಸಿದೆವು. ಆದರೆ ಮಾತು ನಿಜವಾಗಿತ್ತು. ಅಂದಿನಿಂದ ಈ ವಿಷಯವಾಗಿ ಓದಿ ಕೇಳಿ ತಿಳಿದುದನ್ನೂ, ಮುಗ್ಗರಿಸಿ ಕಲಿತುದನ್ನೂ, ಇಂಥ ಯಂತ್ರವು ಮೂಲೆಯಲ್ಲಿರುವ ಮನೆಗಳವರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಆಟದ ಯಂತ್ರಕ್ಕೂ ಸಿನಿಮಾಕ್ಕೂ ಏನು ಸಂಬಂಧವೆಂದು ಕೇಳುವವರುಂಟು. ವಿಚಾರಿಸಿದರೆ ಸಂಬಂಧವು ಬಹಳ ಸಮೀಪದ್ದೇ. ತಟ್ಟೆಯನ್ನು ತಿರುಗಿಸಿ ಅದರ ಮೇಲಿನ ಸೂಕ್ಷ್ಮ ಗುರುತುಗಳನ್ನು ಬೆಳಕಿನ ಕಿರಣದಿಂದ ಓದತಕ್ಕ ಅಂಗವೊಂದು, ಓದಿದುದನ್ನು ಚಿತ್ರವಾಗಿಯೂ ಧ್ವನಿಯಾಗಿಯೂ ಬಿಡಿಸತಕ್ಕ ಗಣಕವೊಂದು, ಅದನ್ನು ಟಿ.ವಿ.ಗೆ ಸಾಗಿಸತಕ್ಕ ತಂತಿಯೊಂದು. ಈ ಮೂರೂ ಆಟಕ್ಕೆ ಬೇಕು, ಸಿನಿಮಾಕ್ಕೂ ಬೇಕು. ಆದುದರಿಂದಲೇ ಜಪಾನಿನ ಸೋನಿ ಸಂಸ್ಥೆಯವರು ೧೯೯೪ರ ಡಿಸೆಂಬರಿನಲ್ಲಿ ಹೊರತಂದ ಮೊದಲ ಪ್ಲೇಸ್ಟೇಷನ್ನೇ ಸಂಗೀತದ ಸಿ.ಡಿ.ಗಳನ್ನೂ ನುಡಿಸುತ್ತಿತ್ತು. ಆಟವಾಡದ ಹಿರಿಯರಿಗೂ ಆ ಯಂತ್ರದಿಂದ ಅಷ್ಟರ ಮಟ್ಟಿಗೆ ಪ್ರಯೋಜನವಿತ್ತು.

ಆದರೆ ನಿಜವಾದ ಕ್ರಾಂತಿಯಾದುದು ೨೦೦೦ದ ಮಾರ್ಚಿ ೪ರಂದು, ಪ್ಲೇಸ್ಟೇಷನ್ ೨ ಜಪಾನಿನ ಅಂಗಡಿಗಳಿಗೆ ಬಂದಾಗ. ಅದರ ಬೆಲೆ ೩೯,೮೦೦ ಯೆನ್. ಡಿ.ವಿ.ಡಿ. ಎಂಬುದು ಆಗ ಹೊಸ ವಸ್ತು; ಅದನ್ನು ತೋರಿಸುವುದಕ್ಕೆಂದೇ ಮಾಡಿದ ಯಂತ್ರಗಳೂ ಅಗ್ಗವಾಗಿರಲಿಲ್ಲ. ಹೀಗಿರುವಲ್ಲಿ ಸಿನಿಮಾವನ್ನೂ ತೋರಿಸಿ ಆಟವನ್ನೂ ಆಡಿಸುವ ಪೆಟ್ಟಿಗೆಯು ದೊರೆತರೆ ಗೃಹಸ್ಥನು ಯಾವುದನ್ನು ಕೊಂಡಾನು? ಜಪಾನಿನಲ್ಲಿ ಎಷ್ಟೋ ಕುಟುಂಬಗಳು ಆಟಕ್ಕಿಂತ ಸಿನಿಮಾಕ್ಕಾಗಿಯೇ ಇದನ್ನು ಮನೆಗೆ ತಂದುವು. ಆ ಯಂತ್ರವು ೨೦೧೩ರ ವರೆಗೆ ತಯಾರಾಗುತ್ತಿದ್ದು ಲೋಕದಲ್ಲೆಲ್ಲ ೧೫ ಕೋಟಿಗೂ ಮಿಕ್ಕಿ ಖರ್ಚಾಯಿತು. ಮಗನು ಆಟಕ್ಕೆಂದು ಹಟ ಹಿಡಿದು, ತಂದೆ ತಾಯಿಗಳು ಸಿನಿಮಾಕ್ಕೆಂದು ಒಪ್ಪಿ, ಉಭಯ ಪಕ್ಷಗಳೂ ಗೆದ್ದಂತಾದ ವ್ಯವಹಾರಗಳು ಅವುಗಳಲ್ಲಿ ಎಷ್ಟಿದ್ದುವೋ!

ಪ್ರತಿಸ್ಪರ್ಧಿಗಳು ಈ ಮರ್ಮವನ್ನು ಪೂರ್ತಿಯಾಗಿ ಗ್ರಹಿಸಲಿಲ್ಲ. ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸ್‌ಬಾಕ್ಸ್ ೨೦೦೧ರ ನವೆಂಬರಿನಲ್ಲಿ ಬಂದಿತು, ಅದರಲ್ಲಿ ಡಿ.ವಿ.ಡಿ. ನೋಡಬೇಕಾದರೆ ರಿಮೋಟನ್ನು ಬೇರೆ ದುಡ್ಡು ಕೊಟ್ಟು ಕೊಳ್ಳಬೇಕಾಗಿತ್ತು. ನಿಂಟೆಂಡೋ ಸಂಸ್ಥೆಯವರ ಯಂತ್ರವು ಚಿಕ್ಕ ತಟ್ಟೆಗಳನ್ನಲ್ಲದೆ ಬೇರೆಯದನ್ನು ಒಳಗೊಳ್ಳುತ್ತಲೇ ಇರಲಿಲ್ಲ.

ಎಕ್ಸ್‌ಬಾಕ್ಸಿನದೇ ಒಂದು ಸ್ವಾರಸ್ಯವಾದ ಉಪಕಥೆಯುಂಟು. ಅದರ ಒಡಲಿನಲ್ಲಿದ್ದುದು ವಸ್ತುತಃ ಸಣ್ಣದೊಂದು ಗಣಕವೇ: ೭೩೩ ಮೆಗಾಹರ್ಟ್ಸ್ ವೇಗದ ಪ್ರೊಸೆಸರು, ೬೪ ಮೆಗಾಬೈಟ್ ಜ್ಞಾಪಕಶಕ್ತಿ, ಒಂದು ಹಾರ್ಡ್ ಡಿಸ್ಕು. ಇಷ್ಟಿದ್ದೂ ಇದು ಆಟಕ್ಕೆ ಮಾತ್ರವೇ ಏಕೆ ಮೀಸಲಾಗಬೇಕೆಂದು ಕೆಲವು ಹವ್ಯಾಸಿಗಳು ತಯಾರಕರ ಅನುಮತಿಯಿಲ್ಲದೆಯೇ ಅದರ ಬೀಗವನ್ನು ಬಿಚ್ಚಿದರು. ಮನೆಯ ಗಣಕದಲ್ಲಿರುವ ಹಾಡು, ಭಾವಚಿತ್ರ, ಸಿನಿಮಾಗಳನ್ನೆಲ್ಲ ಟಿ.ವಿ.ಯ ಮೇಲೆ ತೋರಿಸತಕ್ಕ ತಂತ್ರಾಂಶವೊಂದನ್ನು ರಚಿಸಿ, ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್ ಎಂದು ಹೆಸರಿಟ್ಟು ಉಚಿತವಾಗಿ ಹಂಚಿದರು. ಮೈಕ್ರೋಸಾಫ್ಟಿನ ಪಾಲಿಗೆ ಇದು ಕನ್ನ ಹಾಕಿ ಒಳಹೊಕ್ಕಂತೆಯೇ ಸರಿ. ಆ ತಂತ್ರಾಂಶವು ಕಾಲಕ್ರಮದಲ್ಲಿ ಗಣಕಗಳಿಗೂ ಹಬ್ಬಿ, ೨೦೧೪ರಲ್ಲಿ ಕೋಡಿ ಎಂಬ ನಾಮಾಂತರವನ್ನು ಪಡೆದು, ೨೦೧೭ರ ಕೊನೆಯಲ್ಲಿ ಎಕ್ಸ್‌ಬಾಕ್ಸ್ ಒನ್ ಎಂಬ ಹೊಸ ಯಂತ್ರಕ್ಕೆ ಮೈಕ್ರೋಸಾಫ್ಟಿನವರ ಸ್ವಂತ ಅಂಗಡಿಯ ಮೂಲಕವೇ ರಾಜಮಾರ್ಗದಲ್ಲಿ ಮರಳಿ ಬಂದಿತು. ಹಿತ್ತಿಲ ಗೋಡೆ ಹಾರಿ ಬಂದವನು ಹದಿನೈದು ವರುಷದೊಳಗೆ ಮನೆಯ ಅಳಿಯನಾಗಿ ಆರತಿ ಎತ್ತಿಸಿಕೊಂಡಂತಾಯಿತು.

ಇನ್ನು ೨೦೦೬ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ ೩ರ ಸಂಗತಿ. ಆಗ ಡಿ.ವಿ.ಡಿ.ಗಿಂತ ಸ್ಫುಟವಾದ ಚಿತ್ರವನ್ನು ಕೊಡತಕ್ಕ ಎರಡು ಹೊಸ ಬಗೆಯ ತಟ್ಟೆಗಳು ಪರಸ್ಪರ ಕಾದಾಡುತ್ತಿದ್ದುವು: ಸೋನಿ ಮೊದಲಾದವರ ಬ್ಲೂ-ರೇ, ತೋಷಿಬಾ ಮೊದಲಾದವರ ಎಚ್.ಡಿ. ಡಿ.ವಿ.ಡಿ. ಗಾತ್ರದಲ್ಲಿ ಎಲ್ಲ ತಟ್ಟೆಗಳೂ ಒಂದೇ, ೧೨ ಸೆಂಟಿಮೀಟರು ಅಡ್ಡಳತೆ. ಭೇದವಿರುವುದು ಓದುವ ಕಿರಣದಲ್ಲಿ. ಸಿ.ಡಿ.ಯನ್ನು ಓದುವ ಕಿರಣದ ಅಲೆಯುದ್ದ ೭೮೦ ನ್ಯಾನೋಮೀಟರು, ಡಿ.ವಿ.ಡಿ.ಯದು ೬೫೦, ಬ್ಲೂ-ರೇಯದು ೪೦೫. ಲೇಖನಿಯ ಮೊನೆ ಸಣ್ಣದಾದಷ್ಟೂ ಒಂದು ಪುಟದಲ್ಲಿ ಹೆಚ್ಚು ಅಕ್ಷರ ಹಿಡಿಯುವಂತೆ, ಅಲೆಯು ಕಿರಿದಾದಷ್ಟೂ ಗುರುತುಗಳನ್ನು ಒತ್ತೊತ್ತಾಗಿ ಬರೆಯಬಹುದು. ಆದ್ದರಿಂದ ಸಿ.ಡಿ.ಯಲ್ಲಿ ಸುಮಾರು ೭೦೦ ಮೆಗಾಬೈಟ್, ಡಿ.ವಿ.ಡಿ.ಯ ಒಂದು ಪದರದಲ್ಲಿ ೪.೭ ಗಿಗಾಬೈಟ್, ಬ್ಲೂ-ರೇಯ ಒಂದು ಪದರದಲ್ಲಿ ೨೫ ಗಿಗಾಬೈಟ್ ಅಡಗುತ್ತವೆ. ಸೋನಿಯವರು ತಮ್ಮ ಆಟದ ಯಂತ್ರ ಪ್ರತಿಯೊಂದರಲ್ಲಿಯೂ ಬ್ಲೂ-ರೇ ಓದುವ ಅಂಗವನ್ನಿಟ್ಟು ಮಾರಿದರು. ಅದರಿಂದ ಬೆಲೆ ಏರಿತು, ಅಮೆರಿಕದಲ್ಲಿ ೪೯೯ ಡಾಲರೂ ೫೯೯ ಡಾಲರೂ ಆಯಿತು, ಜನ ಗೊಣಗಿದರು. ಆದರೆ ಅದೇ ವರುಷ ಜೂನಿನಲ್ಲಿ ಅಲ್ಲಿ ಮಾರಾಟಕ್ಕೆ ಬಂದ ಬರಿಯ ಬ್ಲೂ-ರೇ ಯಂತ್ರದ ಬೆಲೆ ಸಾವಿರ ಡಾಲರಿಗೆ ಒಂದು ಕಡಿಮೆ! ಮೈಕ್ರೋಸಾಫ್ಟಿನವರಾದರೋ ಎಚ್.ಡಿ. ಡಿ.ವಿ.ಡಿ.ಯನ್ನು ಬೇಕಾದವರು ಪ್ರತ್ಯೇಕವಾಗಿ ಕೊಳ್ಳಲೆಂದು ಬಿಟ್ಟರು. ೨೦೦೮ರ ಫೆಬ್ರವರಿ ೧೯ರಂದು ತೋಷಿಬಾ ಸಂಸ್ಥೆಯು ಸೋಲೊಪ್ಪಿ ಹಿಂದೆ ಸರಿಯಿತು. ಈ ಜಯಕ್ಕೆ ಕಾರಣಗಳು ಹಲವು. ಆದರೆ ಆಟದ ನೆಪದಿಂದ ಮನೆಮನೆಯನ್ನೂ ಆಗಲೇ ಹೊಕ್ಕಿದ್ದ ಬ್ಲೂ-ರೇ ಯಂತ್ರಗಳ ಪಾಲು ಅದರಲ್ಲಿ ಅಲ್ಪವಲ್ಲ.

ಪ್ರಕೃತಕ್ಕೆ ಬರೋಣ. ತಂಗಿಯು ಬಂದಳು, ತಟ್ಟೆಯನ್ನು ಯಂತ್ರಕ್ಕೆ ಕೊಟ್ಟೆವು. ಮೊದಲು ಅದು, ಇಂಟರ್ನೆಟ್ಟಿಗೆ ಸೇರಿಸಿರೆಂದು ಹೇಳಿ ಸುಮ್ಮನಾಯಿತು. ಈ ಮಾದರಿಯಲ್ಲಿ ತಟ್ಟೆಯಿಂದ ಸಿನಿಮಾ ನೋಡಬೇಕಾದರೆ ಪ್ರಥಮ ಬಾರಿಗೆ ಅಂಥ ಸಂಪರ್ಕವೊಂದು ಅವಶ್ಯವಂತೆ. ನಮ್ಮ ಮಗನು ಅದರಲ್ಲಿ ಆಟವನ್ನಲ್ಲದೆ ಬೇರೆ ಏನನ್ನೂ ನೋಡಿರಲಿಲ್ಲವೆಂದು ಆಗ ಗೊತ್ತಾಯಿತು. ಮೊಬೈಲಿನ ಮೂಲಕ ಸಂಪರ್ಕ ಕೊಟ್ಟ ಮೇಲೆ ಚಿತ್ರವು ಮೂಡಿತು. ನಮ್ಮ ತಾಯಿಯವರ ಹಾಡು ಬಂದಾಗ ತಂಗಿಯ ಮಕ್ಕಳು, “ಇದು ಅಜ್ಜಿಯ ದನಿಯೇ, ಮಾವ?” ಎಂದು ಕೇಳಿದರು. ಅವರಿಬ್ಬರೂ ಅದನ್ನು ಅಂದೇ ಮೊದಲು ಕೇಳಿದುದು. ಆದರೆ ಎರಡನೆಯ ಚರಣದ ನಡುವೆ ಚಿತ್ರವು ಚೌಕಚೌಕವಾಗಿ ಒಡೆದು ನಿಂತಿತು. ಒರೆಸಿ ಹಾಕಿದರೂ ಅಲ್ಲಿಯೇ ನಿಂತಿತು. ಅಂಗಡಿಯವರು ಬರೆದು ಕೊಡುವ ತಟ್ಟೆಗೂ ಕಾರ್ಖಾನೆಯಲ್ಲಿ ಅಚ್ಚೊತ್ತಿದ ತಟ್ಟೆಗೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಅಕ್ಷರಗಳು ಒಂದು ಬಣ್ಣದ ಲೇಪದಲ್ಲಿ ಸುಟ್ಟ ಗುರುತುಗಳಾಗಿರುವುವು. ಬಿಸಿಲಿಗೂ ಸೆಕೆಗೂ ಕಾಲಕ್ಕೂ ಆ ಬಣ್ಣವು ಮಾಸುವುದು. ಇಪ್ಪತ್ತು ವರುಷ ಬೀರುವಿನಲ್ಲಿ ಭದ್ರವಾಗಿದೆಯೆಂದು ನಾವು ನಂಬಿದ್ದ ನಿಧಿಯು ಒಳಗೊಳಗೇ ಕರಗುತ್ತಿತ್ತು.

ಇತರ ತಟ್ಟೆಗಳನ್ನೂ ಆ ಸಂಜೆಯೇ ಪರೀಕ್ಷಿಸಿದೆವು. ಭಾವಮೈದುನರೊಬ್ಬರು ಅಮೆರಿಕದಿಂದ ತಂದುಕೊಟ್ಟಿದ್ದ ಡಿ.ವಿ.ಡಿ.ಯನ್ನು ಯಂತ್ರವು ನಿರಾಕರಿಸಿತು. ಸಿನಿಮಾ ವ್ಯಾಪಾರಿಗಳು ಲೋಕವನ್ನು ವಲಯಗಳಾಗಿ ಹಂಚಿಕೊಂಡಿದ್ದಾರೆ, ಡಿ.ವಿ.ಡಿ.ಯ ಲೆಕ್ಕದಲ್ಲಿ ಅಮೆರಿಕವು ೧ನೆಯ ವಲಯ, ಭಾರತವು ೫ನೆಯದು. ಪ್ಲೇಸ್ಟೇಷನ್ ೪ರ ಆಟಗಳಿಗೆ ಈ ಗಡಿಯಿಲ್ಲ, ಸಿನಿಮಾಕ್ಕೆ ಉಂಟು. ಹೊರದೇಶಗಳಲ್ಲಿರುವ ನಮ್ಮವರು ಊರಿಗೆ ತಟ್ಟೆಗಳನ್ನು ಕಳುಹಿಸುವ ಮೊದಲು ಇದನ್ನು ಗಮನಿಸತಕ್ಕದ್ದು.

ಅದಕ್ಕಿಂತಲೂ ವಿಚಿತ್ರವಾದುದು ಸಿ.ಡಿ.ಯ ಗತಿ. ನಮ್ಮಲ್ಲಿ ಕುಮಾರವ್ಯಾಸಭಾರತದ ಗಮಕವಾಚನದ ಸಿ.ಡಿ.ಗಳಿವೆ. ೧೯೯೪ರ ಯಂತ್ರವು ನುಡಿಸುತ್ತಿದ್ದ ಸಿ.ಡಿ.ಯನ್ನು ಪ್ಲೇಸ್ಟೇಷನ್ ೪ ಮುಟ್ಟದು. ೨೦೨೦ರಲ್ಲಿ ಬಂದ ಪ್ಲೇಸ್ಟೇಷನ್ ೫ ಕೂಡ ಮುಟ್ಟದು. ಮೊಮ್ಮಗನು ಅಜ್ಜನ ವಿದ್ಯೆಯನ್ನು ಮರೆತಂತೆ! ಇದರಿಂದ ನಮ್ಮ ನಾಡಿನ ಮನೆಗಳಿಗೆ ಒದಗುವ ನಷ್ಟವು ಸಣ್ಣದಲ್ಲ. ಏಕೆಂದರೆ ಕನ್ನಡ ಸಿನಿಮಾಗಳನ್ನು ನಮ್ಮ ಜನ ಬಹುಕಾಲ ಕೊಂಡುದು ವಿ.ಸಿ.ಡಿ.ಯ ರೂಪದಲ್ಲಿ, ಎರಡು ಮೂರು ತಟ್ಟೆಗಳ ಕಟ್ಟಾಗಿ. ವಿ.ಸಿ.ಡಿ.ಯೂ ಸಿ.ಡಿ.ಯ ಜಾತಿಯದೇ ಆದ್ದರಿಂದ ಅದಕ್ಕೂ ಇಲ್ಲಿ ಪ್ರವೇಶವಿಲ್ಲ.

ಉಪಾಯವು ಪೆನ್‌ಡ್ರೈವಿನಲ್ಲಿದೆ. ತಟ್ಟೆ ಓದುವ ಅಂಗವುಳ್ಳ ಹಳೆಯ ಗಣಕವೊಂದರಿಂದ ಗಮಕದ ಸಿ.ಡಿ.ಗಳನ್ನು ಎಂ.ಪಿ. ೩ ರೂಪಕ್ಕೆ ಇಳಿಸಿ ಪೆನ್‌ಡ್ರೈವಿಗೆ ಹಾಕಿದರೆ ಯಂತ್ರವು ತಕರಾರಿಲ್ಲದೆ ಹಾಡುತ್ತದೆ. ಕಡತಗಳನ್ನು ಹಾಗೆಯೇ ಸುರಿಯದೆ ಒಂದು ಫೋಲ್ಡರಿನೊಳಗೆ ಇಡಬೇಕು, ಇಲ್ಲವಾದರೆ ಅದರ ಕಣ್ಣಿಗೆ ಬೀಳುವುದಿಲ್ಲ. ಚಲಚ್ಚಿತ್ರಗಳಿಗಾಗಿ ಮೀಡಿಯಾ ಪ್ಲೇಯರ್ ಎಂಬ ಆ್ಯಪನ್ನು ಸೋನಿಯವರು ೨೦೧೫ರಲ್ಲಿ ಉಚಿತವಾಗಿ ಒದಗಿಸಿದರು. ಹಿಂದಿನ ಪ್ಲೇಸ್ಟೇಷನ್ ೩ ಉಳ್ಳವರಿಗೆ ಇನ್ನೊಂದು ಎಚ್ಚರಿಕೆ: ಅದು ಫ್ಯಾಟ್ ೩೨ ಎಂಬ ಕ್ರಮದ ಪೆನ್‌ಡ್ರೈವನ್ನು ಮಾತ್ರ ಓದುವುದು, ಆ ಕ್ರಮದಲ್ಲಿ ೪ ಗಿಗಾಬೈಟಿಗೆ ಮೀರಿದ ಒಂದೇ ಕಡತವು ಹಿಡಿಯದು.

ಖರ್ಚಿನ ವಿಚಾರವನ್ನೂ ಗೃಹಿಣಿಯರು ಕೇಳದಿರರು. ಯಂತ್ರವು ಮನೆಯಲ್ಲಿಯೇ ಇದ್ದರೆ ಬಂಡವಾಳವಿಲ್ಲ, ಆದರೆ ವಿದ್ಯುತ್ತುಂಟು. ಪ್ಲೇಸ್ಟೇಷನ್ ೪ರ ಮೊದಲ ಮಾದರಿಯು ಸಿನಿಮಾ ತೋರಿಸುವಾಗ ಸುಮಾರು ೯೦ ವಾಟ್ ತಿನ್ನುತ್ತದೆ. ದಿನಕ್ಕೆ ಎರಡು ಗಂಟೆಯಂತೆ ತಿಂಗಳಿಗೆ ಐದೂವರೆ ಯೂನಿಟ್ಟಿನ ಹತ್ತಿರ. ಟಿ.ವಿ.ಯ ಹಿಂದೆ ಸಿಕ್ಕಿಸುವ ಸಣ್ಣ ಕಡ್ಡಿಯಂಥ ಸಾಧನಗಳು ಅದೇ ಕೆಲಸವನ್ನು ಎರಡು ಮೂರು ವಾಟಿನಲ್ಲಿ ಮಾಡುತ್ತವೆ. ನಮ್ಮ ಅಭಿಪ್ರಾಯವೇನೆಂದರೆ, ಯೂಟ್ಯೂಬು, ಪ್ರೈಮ್ ವೀಡಿಯೋ ಮುಂತಾದುವನ್ನು ಮಾತ್ರ ನೋಡುವವರು ಆಟದ ಯಂತ್ರವನ್ನು ಎಬ್ಬಿಸದಿರುವುದೇ ಲೇಸು. ತಟ್ಟೆಗಳಿರುವ ಮನೆಗೆ ಅದು ಅಮೂಲ್ಯ. ಹೊಸದನ್ನು ಕೊಳ್ಳುವವರು ತಟ್ಟೆಯ ಬಾಯಿ ಇದೆಯೋ ಇಲ್ಲವೋ ನೋಡಿ ಕೊಳ್ಳಬೇಕು. ಪ್ಲೇಸ್ಟೇಷನ್ ೫ರ ಡಿಜಿಟಲ್ ಆವೃತ್ತಿ, ಎಕ್ಸ್‌ಬಾಕ್ಸ್ ಸೀರೀಸ್ ಎಸ್, ಇವುಗಳಿಗೆ ಅದಿಲ್ಲ. ಮಕ್ಕಳು ಇದನ್ನು ಹೇಳುವುದಿಲ್ಲ, ಅವರಿಗೆ ಬೇಕಾಗಿಯೂ ಇಲ್ಲ.

ತಟ್ಟೆಯೇಕೆ, ಎಲ್ಲವೂ ಅಂತರ್ಜಾಲದಲ್ಲಿದೆಯಲ್ಲಾ ಎನ್ನುವವರಿಗೆ ಒಂದು ಸಂಗತಿ. ಪ್ಲೇಸ್ಟೇಷನ್ನಿನ ಅಂಗಡಿಯು ೨೦೨೧ರ ಆಗಸ್ಟ್ ೩೧ಕ್ಕೆ ಸಿನಿಮಾ ಮಾರಾಟವನ್ನು ನಿಲ್ಲಿಸಿತು. ಮರುವರುಷ ಅದೇ ದಿನ ಜರ್ಮನಿ ಮತ್ತು ಆಸ್ಟ್ರಿಯಾದ ಗ್ರಾಹಕರು ಹಣ ತೆತ್ತು ಕೊಂಡಿದ್ದ ಸ್ಟುಡಿಯೋಕನಾಲ್ ಸಂಸ್ಥೆಯ ಸಿನಿಮಾಗಳು, ಪರವಾನಗಿ ಮುಗಿಯಿತೆಂಬ ಕಾರಣದಿಂದ, ಅವರ ಪಟ್ಟಿಗಳಿಂದಲೇ ಮಾಯವಾದುವು. ಬೀರುವಿನೊಳಗಿನ ತಟ್ಟೆಯು ಮಾಸಬಹುದು. ಆದರೆ ಯಾರೂ ಬಂದು ಅದನ್ನು ಹೊತ್ತುಕೊಂಡು ಹೋಗಲಾರರು.

ಮದುವೆಯ ತಟ್ಟೆಯನ್ನು ಗಣಕದಲ್ಲಿ ಹಾಕಿ, ನಿಧಾನವಾಗಿ, ಮೂರು ಬಾರಿ ಪ್ರಯತ್ನಿಸಿ ಇಳಿಸಿದೆವು. ಎರಡನೆಯ ಚರಣದಲ್ಲಿ ನಾಲ್ಕೈದು ಕ್ಷಣಗಳು ಹೋದುವು, ಮಿಕ್ಕುದು ಉಳಿಯಿತು. ಒಂದು ಪ್ರತಿ ತಂಗಿಯ ಮನೆಗೂ ಒಂದು ಪುಣೆಗೂ ಹೋಗಿದೆ. ಹೋದ ಕ್ಷಣಗಳ ಸಾಹಿತ್ಯವನ್ನು ನಮ್ಮ ಮನೆಯವರು ನೆನಪಿನಿಂದ ಹೇಳಿದರು, ನಾವು ಬರೆದುಕೊಂಡೆವು. ಮುಂದಿನ ಭಾನುವಾರದಿಂದ ವಿ.ಸಿ.ಡಿ.ಗಳ ಸರದಿ.