ಮಗಳ ತೋಳಿನ ಅಳತೆ

ನಿಮ್ಮ ಮಗಳ ತೋಳಿನ ಸುತ್ತಳತೆ ಎಷ್ಟು ಇಂಚು ಎಂದು ಯಾರಾದರೂ ಕೇಳಿದರೆ ಥಟ್ಟನೆ ಹೇಳಬಲ್ಲಿರಾ? ಅವಳ ಪರೀಕ್ಷೆಯ ಅಂಕಗಳು ನಮಗೆ ಬಾಯಿಪಾಠವಾಗಿರುತ್ತವೆ. ಶಾಲೆಯ ಶುಲ್ಕದ ಕಂತು ಯಾವ ತಿಂಗಳು ಕಟ್ಟಬೇಕೆಂಬುದೂ ನೆನಪಿರುತ್ತದೆ. ಆದರೆ ತೋಳಿನ ಅಳತೆ? ಸಿದ್ಧ ಉಡುಪುಗಳ ಈ ಕಾಲದಲ್ಲಿ ಅದು ಯಾರಿಗೆ ಬೇಕು ಎನ್ನುತ್ತೀರಿ. ನಾವೂ ಹಾಗೆಯೇ ಎಂದುಕೊಂಡಿದ್ದೆವು, ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯ ಬದಿಯ ಒಂದು ಮನೆಯಲ್ಲಿ ಅರ್ಧ ದಿನ ಕಳೆಯುವ ತನಕ.

ಬಟ್ಟೆಯ ಊರು

ಸೊಲ್ಲಾಪುರ ಮಹಾರಾಷ್ಟ್ರಕ್ಕೆ ಸೇರಿದ್ದರೂ ಕನ್ನಡಿಗರಿಗೆ ಪರಸ್ಥಳವಲ್ಲ. ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮರ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಜಯದೇವಿತಾಯಿ ಲಿಗಾಡೆಯವರು ಈ ಊರಿನವರು. ಅಕ್ಕಲಕೋಟೆ ತಾಲೂಕಿನ ಎಷ್ಟೋ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡವೇ.

ಈ ಊರನ್ನು ಬೆಳೆಸಿದ್ದು ಬಟ್ಟೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಲ್ಲಿ ಹತ್ತಿ ಗಿರಣಿಗಳು ತಲೆಯೆತ್ತಿದವು. ಕಾಲಾನಂತರ ಆ ದೊಡ್ಡ ಗಿರಣಿಗಳು ಮುಚ್ಚಿದವು, ವಿದ್ಯುತ್ ಮಗ್ಗಗಳು ಉಳಿದವು. ಸೊಲ್ಲಾಪುರದ ಚಾದರಕ್ಕೂ ಟವೆಲ್ಲಿಗೂ ಭೌಗೋಳಿಕ ಗುರುತು ದೊರೆತಿದೆ. ಇತ್ತೀಚಿನ ವರ್ಷಗಳಲ್ಲಿ ಊರು ಶಾಲಾ ಸಮವಸ್ತ್ರಗಳ ಹೊಲಿಗೆಗೂ ಹೆಸರಾಗಿದೆ. 2017ರಲ್ಲಿ ಸಮವಸ್ತ್ರ ತಯಾರಕರ ದೊಡ್ಡ ಮೇಳವೇ ಇಲ್ಲಿ ನಡೆಯಿತು.

ಅಕ್ಕಲಕೋಟೆ ರಸ್ತೆ ಹಿಡಿದು ಹೊರಟರೆ ಮೊದಲು ಕೈಗಾರಿಕಾ ವಸಾಹತಿನ ಮಗ್ಗಗಳ ಸದ್ದು ಕೇಳಿಸುತ್ತದೆ. ಮುಂದೆ ಕುಂಭಾರಿ. ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ ಕಟ್ಟಿದ ಹತ್ತು ಸಾವಿರ ಮನೆಗಳ ವಸತಿಯನ್ನು 2006ರಲ್ಲಿ ಹಸ್ತಾಂತರಿಸಿದ್ದು ಇಲ್ಲಿಯೇ. 2024ರ ಜನವರಿ 19ರಂದು ರಾಯನಗರ ವಸತಿಯ 15,000 ಮನೆಗಳನ್ನು ಕಾರ್ಮಿಕ ಕುಟುಂಬಗಳಿಗೆ ಕೊಟ್ಟಿದ್ದೂ ಇಲ್ಲಿಯೇ. ಈ ಭಾಗದ ಎಷ್ಟೋ ಮನೆಗಳಲ್ಲಿ ಗಂಡ ಮಗ್ಗದ ಮುಂದೆ, ಹೆಂಡತಿ ಬೀಡಿಯ ಮೊರದ ಮುಂದೆ ಅಥವಾ ಹೊಲಿಗೆ ಮಷೀನಿನ ಮುಂದೆ.

ನಂಬರಿನ ತೋಳು

ನಾವು ಹೋದ ಮನೆಯೂ ಅಂಥದ್ದೇ. ನಮ್ಮೊಂದಿಗೆ ಹೊಲಿಗೆ ಕಲಿಸುವ ಧರ್ಮಭಗಿನಿಯೊಬ್ಬರು ಬಂದಿದ್ದರು. ಮನೆಯೊಡತಿ ಗುತ್ತಿಗೆಯ ಮೇಲೆ ಸಮವಸ್ತ್ರದ ಅಂಗಿಗಳಿಗೆ ತೋಳು ಕೂಡಿಸುತ್ತಾರೆ. ಕತ್ತರಿಸಿದ ತುಂಡುಗಳು ಗಂಟು ಕಟ್ಟಿಕೊಂಡು ಮನೆಗೆ ಬರುತ್ತವೆ. ಕಾಲರು ಹಚ್ಚುವವರು ಬೇರೆ, ಗುಂಡಿ ಹಚ್ಚುವವರು ಬೇರೆ. ಇವರದು ತೋಳು ಮಾತ್ರ.

ಮೂಲೆಯಲ್ಲಿ ಒಂಬತ್ತನೆಯ ಇಯತ್ತೆಯ ಮಗಳು ಮುಖ ಊದಿಸಿಕೊಂಡು ಕುಳಿತಿದ್ದಳು. ಶಾಲೆಯ ಗ್ಯಾದರಿಂಗಿನಲ್ಲಿ ಅವಳ ಗುಂಪಿನ ಹುಡುಗಿಯರೆಲ್ಲ ಪಫ್ ತೋಳಿನ ನೀಲಿ ಟೀ ಶರ್ಟು ಹಾಕುವುದೆಂದು ಗೊತ್ತಾಗಿತ್ತು. ಇವಳ ಬಳಿ ಅದಿರಲಿಲ್ಲ. ಇದ್ದ ಅಂಗಿಗಳ ತೋಳು ಬಿಗಿಯಾಗಿ ಕಂಕುಳಲ್ಲಿ ಹಿಡಿಯುತ್ತಿದ್ದವು. ಕೆಲಸ ಕೊಡುವವರಿಂದ ಎರಡು ವಾರದ ಹಣ ಬಂದಿರಲಿಲ್ಲ. "ನಾ ಗ್ಯಾದರಿಂಗಿಗೆ ಹೋಗೂದಿಲ್ಲ" ಎಂದು ಹುಡುಗಿ ಹೇಳಿಬಿಟ್ಟಿದ್ದಳು.

"ಅಕ್ಕಾ, ನೀವೇ ಹೊಲಿಗೆಯವರಲ್ಲವೇ? ಮನೆಯಲ್ಲೇ ಹೊಲಿದರಾಯಿತಲ್ಲ" ಎಂದೆವು. ತಿಳಿಯದವರಿಗೆ ಎಲ್ಲವೂ ಸುಲಭ! ಸೆಮಿನರಿಯಲ್ಲಿ ನಮ್ಮ ಅಂಗಿಯ ಗುಂಡಿ ನಾವೇ ಹೊಲಿದುಕೊಳ್ಳುವುದನ್ನು ಕಲಿತಿದ್ದೆವು. ನಮ್ಮ ಹೊಲಿಗೆ ವಿದ್ಯೆ ಅಲ್ಲಿಗೇ ಮುಗಿದಿತ್ತು.

ಆ ತಾಯಿ ಮಷೀನು ನಿಲ್ಲಿಸಿದರು. "ದಿನಾ ನೂರಾರು ತೋಳು ಹಚ್ತೀನ್ರಿ ಫಾದರ್. ಇಪ್ಪತ್ತಾರು, ಇಪ್ಪತ್ತೆಂಟು, ಮೂವತ್ತು ಅಂತ ನಂಬರ್ ಮ್ಯಾಲ ಬರ್ತಾವ. ಈಕಿ ತೋಳು ಎಷ್ಟೈತಿ ಅಂದ್ರ ನನಗ ಗೊತ್ತಿಲ್ಲ ನೋಡ್ರಿ" ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಧರ್ಮಭಗಿನಿ ಹೆಚ್ಚು ಮಾತನಾಡಲಿಲ್ಲ. ತಮ್ಮ ಚೀಲದಿಂದ ಅಳತೆಯ ಟೇಪು ತೆಗೆದು ತಾಯಿಯ ಕೈಗಿತ್ತರು. "ಮೊದಲು ಅಳತೆ ತೊಗೊಳ್ರಿ" ಎಂದರಷ್ಟೇ. ತಾಯಿ ಮಗಳ ತೋಳಿಗೆ ಟೇಪು ಸುತ್ತಿದರು. ಒಂಬತ್ತು ಇಂಚು. "ಎಷ್ಟ್ ಸೊರಗೀದಿ ಅವ್ವಾ, ಎತ್ತರ ಮಾತ್ರ ಆಗೀದಿ" ಎಂದು ಮಗಳ ಭುಜ ಸವರಿದರು. ಹುಡುಗಿಯ ಮುಖ ಅಷ್ಟಕ್ಕೇ ಅರ್ಧ ಅರಳಿತು.

ನೇಯ್ದ ಬಟ್ಟೆ, ಹೆಣೆದ ಬಟ್ಟೆ

ಬಟ್ಟೆ ಎಲ್ಲಿಂದ ತರುವುದು? ತಂದೆಯ ಹಳೆಯ ನೀಲಿ ಟೀ ಶರ್ಟೊಂದು ಪೆಟ್ಟಿಗೆಯಲ್ಲಿತ್ತು. ಅಕ್ಕಲಕೋಟೆ ಕಡೆಯ ಅಜ್ಜಿಗೆ ಕೌದಿ ಹೊಲಿಯಲು ಕೊಡಬೇಕೆಂದು ಎತ್ತಿಟ್ಟದ್ದು. ನಮ್ಮ ಸೀಮೆಯಲ್ಲಿ ಹಳೆಯ ಬಟ್ಟೆಯನ್ನು ಬಿಸಾಡುವ ರೂಢಿಯಿಲ್ಲವಲ್ಲ! ಹಲವು ಸಲ ಒಗೆದ ಬಟ್ಟೆಯಾದ್ದರಿಂದ ಅದು ಇನ್ನು ಕುಗ್ಗುವುದಿಲ್ಲ, ಅದೂ ಒಂದು ಅನುಕೂಲವೇ.

ಇಲ್ಲಿ ಒಂದು ಮಾತು ತಿಳಿಯಬೇಕು. ಸೊಲ್ಲಾಪುರದ ಚಾದರವಾಗಲಿ, ಸಮವಸ್ತ್ರದ ಬಟ್ಟೆಯಾಗಲಿ ನೇಯ್ದದ್ದು. ಹಾಸು ಹೊಕ್ಕು ಎಳೆಗಳು ಒಂದಕ್ಕೊಂದು ಅಡ್ಡ ಹಾಯುತ್ತವೆ, ಬಟ್ಟೆ ಹೆಚ್ಚು ಹಿಗ್ಗುವುದಿಲ್ಲ. ಟೀ ಶರ್ಟಿನ ಬಟ್ಟೆ ಹಾಗಲ್ಲ, ಅದು ಹೆಣೆದದ್ದು. ಸ್ವೆಟರಿನಂತೆ ಕುಣಿಕೆಯೊಳಗೆ ಕುಣಿಕೆ. ಅದಕ್ಕೇ ಅದು ಅಗಲಕ್ಕೆ ಚೆನ್ನಾಗಿ ಹಿಗ್ಗುತ್ತದೆ, ಕತ್ತರಿಸಿದರೆ ಎಳೆ ಬಿಚ್ಚಿಕೊಳ್ಳುವುದೂ ಕಡಿಮೆ. ಹಿಗ್ಗುವ ದಿಕ್ಕು ತೋಳಿನ ಸುತ್ತ ಬರುವಂತೆ ಕತ್ತರಿಸಬೇಕು. ಸಾಧಾರಣ ಸೂಜಿ ಕುಣಿಕೆಯ ಎಳೆಯನ್ನೇ ಚುಚ್ಚಿ ತೂತು ಮಾಡಬಹುದು. ಆದ್ದರಿಂದ ದುಂಡು ಮೊನೆಯ ಬಾಲ್ ಪಾಯಿಂಟ್ ಸೂಜಿ ಬೇಕು. ಅದು ಎಳೆಗಳ ನಡುವೆ ಸರಿದು ಹೋಗುತ್ತದೆ.

ಎಲಾಸ್ಟಿಕ್ಕಿಗೂ ಒಂದು ಚರಿತ್ರೆಯಿದೆ. ಕೈಗವಸು, ಕಾಲುಚೀಲಗಳು ಜಾರದಂತೆ ರಬ್ಬರಿನ ಪಟ್ಟಿ ಬಳಸುವ ಉಪಾಯಕ್ಕೆ ಇಂಗ್ಲೆಂಡಿನ ಥಾಮಸ್ ಹ್ಯಾನ್‌ಕಾಕ್ 1820ರಲ್ಲಿ ಪೇಟೆಂಟ್ ಪಡೆದರು. ಇಂದು ಅದು ಯಾವ ಸಂತೆಯಲ್ಲಾದರೂ ಸಿಗುವ ವಸ್ತು. ಈ ಕೆಲಸಕ್ಕೆ ಕಾಲು ಇಂಚು ಅಗಲದ್ದು ಒಂದು ಗಜವಿದ್ದರೆ ಸಾಕು.

ಹೊಲಿಯುವ ಬಗೆ

ಮನೆಯಲ್ಲಿ ಮಾಡಿ ನೋಡಬೇಕೆನ್ನುವವರಿಗಾಗಿ ಧರ್ಮಭಗಿನಿ ಹೇಳಿಕೊಟ್ಟ ಕ್ರಮವನ್ನು ಬರೆಯುತ್ತೇವೆ.

ಹುಡುಗಿಗೆ ಸರಿಯಾಗಿದ್ದ ಒಂದು ಅಂಗಿಯ ಗಿಡ್ಡ ತೋಳನ್ನು ಕಾಗದದ ಮೇಲಿಟ್ಟು ಗೆರೆ ಎಳೆದುಕೊಳ್ಳಿ. ಆ ಕಾಗದವನ್ನು ಭುಜದಿಂದ ಅಂಚಿನವರೆಗೆ ನಟ್ಟನಡುವೆ ಕತ್ತರಿಸಿ, ಎರಡು ಭಾಗಗಳ ನಡುವೆ ಮೂರು ಇಂಚು ಅಂತರ ಬಿಡಿ. ಈಗ ತೋಳಿನ ಅಂಚು 11 ಇಂಚಿನ ಬದಲು 14 ಇಂಚಾಯಿತು. ಮೇಲೆ ಭುಜದ ಭಾಗವೂ ಮೂರು ಇಂಚು ಹೆಚ್ಚಿತು. ಹೊಲಿಗೆಗೂ ಅಂಚು ಮಡಿಚಲೂ ಬೇಕಾದಷ್ಟು ಬಿಟ್ಟು, ಹಳೆಯ ಟೀ ಶರ್ಟಿನ ಕೆಳಭಾಗದಿಂದ ಈ ಅಳತೆಗೆ ಎರಡು ತೋಳು ಕತ್ತರಿಸಿ. ಭುಜ, ಬದಿಗಳನ್ನು ಹುಡುಗಿಯ ಅಳತೆಗೆ ಕಿರಿದು ಮಾಡಿಕೊಳ್ಳಿ.

ಮೊದಲು ಭುಜದ ನೆರಿಗೆ. ನಾಲ್ಕು ಇಂಚು ಎಲಾಸ್ಟಿಕ್ ತೆಗೆದುಕೊಂಡು ಎರಡೂ ತುದಿಯಲ್ಲಿ ಅರ್ಧರ್ಧ ಇಂಚಿಗೆ ಗುರುತು ಮಾಡಿ. ನಡುವೆ ಮೂರು ಇಂಚು ಉಳಿಯುತ್ತದೆ. ತೋಳಿನ ಮೇಲಂಚಿನ ನಡುಭಾಗದಲ್ಲಿ ಆರು ಇಂಚಿಗೆ ಗುರುತು ಹಾಕಿ. ಬಟ್ಟೆಯ ಒಳಬದಿಗೆ ಎಲಾಸ್ಟಿಕ್ ಇಟ್ಟು ಗುರುತಿಗೆ ಗುರುತು ಕೂಡಿಸಿ ಎರಡು ಮೂರು ಹೊಲಿಗೆ ಹಾಕಿ, ಸೂಜಿಯನ್ನು ಬಟ್ಟೆಯೊಳಗೇ ನಿಲ್ಲಿಸಿ. ಆಮೇಲೆ ಎಲಾಸ್ಟಿಕ್ಕನ್ನು ಮಾತ್ರ ಇನ್ನೊಂದು ಗುರುತಿನವರೆಗೆ ಎಳೆದು ಹಿಡಿದು ಹೊಲಿಯಿರಿ. ಬಟ್ಟೆಯನ್ನು ಎಳೆಯಬಾರದು. ಜಿಗ್‌ಜಾಗ್ ಹೊಲಿಗೆ ಉತ್ತಮ. ಕಾಲಿನಿಂದ ತುಳಿಯುವ ಹಳೆಯ ಮಷೀನಿನಲ್ಲಿ ಅದಿಲ್ಲದಿದ್ದರೆ ಉದ್ದ ಹೊಲಿಗೆ ಇಟ್ಟುಕೊಳ್ಳಿ. ಕೈ ಬಿಟ್ಟೊಡನೆ ಆರು ಇಂಚು ಮೂರಾಗಿ ಸಣ್ಣ ನೆರಿಗೆಗಳು ತಾವಾಗಿಯೇ ಬೀಳುತ್ತವೆ.

ಬಳಿಕ ತೋಳನ್ನು ಅಂಗಿಗೆ ಕೂಡಿಸಿ, ತೋಳಿನ ಕೆಳಭಾಗವನ್ನೂ ಅಂಗಿಯ ಬದಿಯನ್ನೂ ಒಂದೇ ಓಟದಲ್ಲಿ ಹೊಲಿಯಿರಿ. ತೋಳಿನ ಅಂಚನ್ನು ಅರ್ಧ ಇಂಚು ಒಳಕ್ಕೆ ಮಡಿಚಿ ಸುತ್ತಲೂ ಹೊಲಿಯಿರಿ, ಆದರೆ ಒಂದು ಇಂಚಿನಷ್ಟು ಬಾಯಿ ಬಿಡಿ. ಎಲಾಸ್ಟಿಕ್ಕಿನ ತುದಿಗೆ ಪಿನ್ನು ಸಿಕ್ಕಿಸಿ, ಲಂಗಕ್ಕೆ ಲಾಡಿ ಪೋಣಿಸುವಂತೆ ಆ ಬಾಯಿಯಿಂದ ಸುತ್ತು ಹಾಯಿಸಿ ಹೊರಗೆ ತನ್ನಿ.

ಕೆಂಪು ಗೆರೆ

ತಪ್ಪಾದದ್ದು ಇಲ್ಲಿಯೇ. ಸಮವಸ್ತ್ರದ ಲಂಗಗಳ ಸೊಂಟಕ್ಕೆ ಎಲಾಸ್ಟಿಕ್ಕನ್ನು ಬಿಗಿಯಾಗಿ ಎಳೆದು ಹಚ್ಚುವುದನ್ನು ನೋಡಿದ್ದ ತಾಯಿ, ಹೇಗೂ ಹಿಗ್ಗುತ್ತದಲ್ಲ ಎಂದು ಆರೂವರೆ ಇಂಚಿಗೇ ಕತ್ತರಿಸಿ ಬಾಯಿ ಮುಚ್ಚಿಬಿಟ್ಟರು. ನೋಡಲು ಬಹಳ ಚೆಂದವಿತ್ತು. ಹುಡುಗಿ ಹಾಕಿಕೊಂಡು ಮನೆಯೆಲ್ಲ ಓಡಾಡಿದಳು. ಅರ್ಧ ಗಂಟೆಯ ಮೇಲೆ ತೆಗೆದಾಗ ತೋಳಿನ ಸುತ್ತ ಕೆಂಪು ಗೆರೆ ಮೂಡಿತ್ತು. ಆದರೂ ಅವಳು "ಇರಲಿ ಬಿಡವ್ವಾ, ನಡೀತದ" ಎಂದಳು. ಎಲ್ಲಿ ತಾಯಿ ಮತ್ತೆ ಮಷೀನಿನ ಕೆಲಸಕ್ಕೆ ಹಿಂದಿರುಗಿಬಿಡುತ್ತಾಳೋ ಎಂಬ ಭಯ ಅವಳಿಗೆ.

ತಾಯಿ ಒಪ್ಪಲಿಲ್ಲ. ಬ್ಲೇಡಿನಿಂದ ಹೊಲಿಗೆ ಬಿಚ್ಚಿದರು. ಧರ್ಮಭಗಿನಿ ಲೆಕ್ಕ ಹೇಳಿದರು: ತೋಳು ಒಂಬತ್ತು ಇಂಚಿದ್ದರೆ ಎಲಾಸ್ಟಿಕ್ಕಿನ ಸುತ್ತು ಎಂಟೂವರೆ ಇರಲಿ. ತುದಿಗಳನ್ನು ಒಂದರ ಮೇಲೊಂದಿಟ್ಟು ಹೊಲಿಯಲು ಅರ್ಧ ಇಂಚು ಸೇರಿಸಿ ಒಂಬತ್ತು ಇಂಚಿಗೆ ಕತ್ತರಿಸಬೇಕು. ಮೊದಲೇ ಹೊಲಿಯದೆ ತುದಿಗಳನ್ನು ಪಿನ್ನಿನಿಂದ ಕೂಡಿಸಿ ಮಗುವಿಗೆ ಹಾಕಿ ನೋಡಬೇಕು. ಎರಡೂ ಕೈ ಮೇಲೆತ್ತಲಿ, ಮುಂದೆ ಚಾಚಲಿ. ಎಲಾಸ್ಟಿಕ್ಕಿನ ಕೆಳಗೆ ಒಂದು ಬೆರಳು ಸಲೀಸಾಗಿ ಹೋದರೆ ಸರಿ. ಆಮೇಲೆ ಹೊಲಿಗೆ, ಆಮೇಲೆ ಬಾಯಿ ಮುಚ್ಚುವುದು. ಹೀಗೆ ಪೋಣಿಸಿದ ಎಲಾಸ್ಟಿಕ್ಕನ್ನು ಮಗು ಬೆಳೆದಂತೆ ಬಿಚ್ಚಿ ಬದಲಿಸಲೂಬಹುದು. ಒಂದು ಎಚ್ಚರಿಕೆ: ಎಲಾಸ್ಟಿಕ್ಕಿನ ಮೇಲೆ ಬಿಸಿ ಇಸ್ತ್ರಿ ಆಡಿಸಬೇಡಿ. ಸೊಲ್ಲಾಪುರ, ಕಲಬುರಗಿಯ ಕಡೆ ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ನೆರಳಿನಲ್ಲಿ ಒಣಗಿಸಿದರೆ ರಬ್ಬರು ಬಾಳುತ್ತದೆ.

ಸಂಜೆಯ ಹೊತ್ತಿಗೆ ಎರಡೂ ತೋಳು ಸಿದ್ಧವಾದವು. ಈ ಸಲ ಗೆರೆ ಮೂಡಲಿಲ್ಲ. ಮಗ್ಗದಿಂದ ಬಂದ ತಂದೆ ಮಗಳನ್ನು ನೋಡಿ, "ಇದು ಎಲ್ಲಿಂದ ತಂದಿ?" ಎಂದು ಕೇಳಿದರು. "ನಿಮ್ಮದೇ ಅಂಗಿ ಅಪ್ಪಾ" ಎಂದು ಅವಳು ನಕ್ಕಾಗ ಮನೆಯವರೆಲ್ಲ ನಕ್ಕರು.

ಅರ್ಧ ದಿನದ ಬೆಲೆ

ಆ ಅರ್ಧ ದಿನ ತಾಯಿಯ ಗುತ್ತಿಗೆ ಕೆಲಸ ನಿಂತಿತು. ಅಷ್ಟು ತೋಳಿನ ಕೂಲಿ ಕಳೆದುಹೋಯಿತು. ಬಡವರ ಮನೆಯಲ್ಲಿ ಅದು ಸಣ್ಣ ಮಾತಲ್ಲ. ಅದನ್ನು ಮರೆಯಾಗಿಟ್ಟು ಉಪದೇಶ ಮಾಡಿದರೆ ನಮ್ಮದು ಬಾಯಿಮಾತಿನ ಉಪದೇಶವಾದೀತು. ಊರ ಮಕ್ಕಳಿಗೆಲ್ಲ ತೋಳು ಹಚ್ಚುವವಳಿಗೆ ತನ್ನ ಮಗುವಿನ ತೋಳು ಮುಟ್ಟಲು ಹೊತ್ತಿಲ್ಲದಿದ್ದರೆ ಅದು ಆ ತಾಯಿಯ ತಪ್ಪಲ್ಲ. ಕೈಗೆ ತಕ್ಕ ಕೂಲಿಯೂ ಸಮಯಕ್ಕೆ ಸರಿಯಾಗಿ ಹಣವೂ ದೊರೆತರೆ ಅವಳಿಗೂ ಬಿಡುವು ಸಿಕ್ಕೀತು. ನಮ್ಮ ಮಕ್ಕಳ ಸಮವಸ್ತ್ರವನ್ನು ಅಗ್ಗದ ಬೆಲೆಗೆ ಚೌಕಾಶಿ ಮಾಡಿ ಕೊಳ್ಳುವಾಗ ನಾವೂ ಇದನ್ನು ನೆನೆಯಬೇಕು.

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಬರುವ ತಬಿಥಾ ನಿಮಗೆ ನೆನಪಿರಬಹುದು. ಅವಳು ತೀರಿಕೊಂಡಾಗ ವಿಧವೆಯರು ಪೇತ್ರನಿಗೆ ತೋರಿಸಿದ್ದು ಅವಳು ತಮಗೆ ಹೊಲಿದುಕೊಟ್ಟ ಉಡುಪುಗಳನ್ನು. ಯಾರಿಗೆ ಯಾವ ಅಂಗಿ ಬೇಕೆಂದು ಅವಳಿಗೆ ತಿಳಿದಿತ್ತು.

ನಾವು ಹೊರಡುವಾಗ ಆ ತಾಯಿ ಗೋಡೆಯ ಕ್ಯಾಲೆಂಡರ್ ತಿರುಗಿಸಿ ಅದರ ಬೆನ್ನಿಗೆ ತಾರೀಖು ಹಾಕಿ "ತೋಳು 9" ಎಂದು ಬರೆಯುತ್ತಿದ್ದರು. "ದೀಪಾವಳಿಗೆ ಮತ್ತ ಅಳೀತೀನ್ರಿ ಫಾದರ್" ಎಂದರು. ಪ್ರಿಯ ವಾಚಕರೇ, ಹೊಲಿಯಲು ಬರಲಿ ಬಿಡಲಿ, ಇಂದು ಸಂಜೆ ನೀವೂ ಟೇಪು ಹುಡುಕಿ ಮಗುವನ್ನು ಹತ್ತಿರ ಕರೆಯಿರಿ.